ಆಮೆಗಲ್ಲಿನ ಇದ್ದಿಲು

ಶನಿವಾರ ಮದುವೆ. ಮಂಗಳವಾರ ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದ ಎಲ್ವಿರಾ ಕೈ ತೊಳೆದುಕೊಂಡು ಅಮ್ಮನ ಎದುರು ಬಂದು ನಿಂತಳು.

"ಅಮ್ಮಾ, ಶನಿವಾರ ನನ್ನ ಜ್ಞಾನತಂದೆ ಬಂದು ಆಶೀರ್ವಾದ ಮಾಡ್ದೇ ಇದ್ರೆ ನಾನು ಇಗರ್ಜಿ ಮೆಟ್ಟಿಲು ಹತ್ತಲ್ಲ. ಅಪ್ಪಂಗೆ ಹೇಳ್ಬಿಡು."

"ನೀನೇ ಹೇಳು," ಎಂದಳು ಲಿಬ್ರಾದಾ.

"ಹೇಳಿದ್ದಾಯ್ತು. ಮೇಕೆ ನೋಡ್ಕೊಂಡು ಬರ್ತೀನಿ ಅಂತ ಎದ್ದು ಹೋದ್ರು."

"ನಮ್ಮ ಹತ್ರ ಮೇಕೆ ಎಲ್ಲಿವೆ?"

"ಅದಕ್ಕೇ ಇನ್ನೂ ಬಂದಿಲ್ಲ."

ಮಗಳು ಹಟಮಾರಿ ಎಂದು ಲಿಬ್ರಾದಾಳಿಗೆ ಗೊತ್ತಿತ್ತು. ಅದು ಎರಡೂ ಕಡೆಯಿಂದ ಬಂದ ಆಸ್ತಿ. ಅವರ ಬೆಟ್ಟದೂರು ಬಾತಾಮೋತೆಯಲ್ಲಿ ಮದುಮಗಳು ಇಗರ್ಜಿಗೆ ಹೊರಡುವ ಮುನ್ನ ಮನೆಯ ಹೊಸ್ತಿಲಲ್ಲಿ ಮಂಡಿಯೂರಬೇಕು. ಹೆತ್ತವರು, ಜ್ಞಾನಸ್ನಾನದ ದಿನ ಎತ್ತಿಕೊಂಡವರು ಎಲ್ಲರೂ ತಲೆಯ ಮೇಲೆ ಕೈಯಿಡಬೇಕು. ಒಂದು ಕೈ ಕಡಿಮೆಯಾದರೂ ಮದುವೆ ಅರ್ಧಂಬರ್ಧ ಎಂದು ಊರು ಆಡಿಕೊಳ್ಳುತ್ತದೆ. ಮದುಮಗ ಪಕ್ಕದೂರಿನ ಲಾರಿ ಮೆಕ್ಯಾನಿಕ್ಕು, ಪಾಪದವನು. ಮೆಟ್ಟಿಲ ಕೆಳಗೆ ನಿಂತು ಕಾಯುತ್ತಾನೆ, ಸಂಜೆಯಾದರೂ ಕಾಯುತ್ತಾನೆ. ಆದರೆ ಎಲ್ವಿರಾ ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ.

ಆ ಜ್ಞಾನತಂದೆ ಒನೊಫ್ರೆ ತಾನೋರಿ ಇರುವುದು ಬತ್ತಿದ ಹಳ್ಳದ ಆಚೆ ದಡದಲ್ಲಿ. ಈ ಅಂಗಳದಲ್ಲಿ ಸೀನಿದರೆ ಆ ಅಂಗಳದ ನಾಯಿ ಬೊಗಳುತ್ತದೆ, ಅಷ್ಟು ಹತ್ತಿರ. ಆದರೂ ಎಲ್ವಿರಾಳ ಅಪ್ಪ ಕಸಿಮಿರೋ ಮತ್ತು ಒನೊಫ್ರೆ ಒಂಬತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನೋಡಿರಲಿಲ್ಲ ಎಂದರೆ ನೋಡಿದ್ದರು, ನೋಡಿ ನೆಲಕ್ಕೆ ಉಗುಳಿದ್ದರು. ಹುಡುಗರಾಗಿದ್ದಾಗ ಒಂದೇ ಕತ್ತೆಯ ಬೆನ್ನ ಮೇಲೆ ಬೆಳೆದವರು ಅವರು. ಎಲ್ವಿರಾಳ ಜ್ಞಾನಸ್ನಾನದ ದಿನ ಕೊಂಪಾದ್ರೆಗಳಾದರು. ಮಗುವಿನ ಅಪ್ಪ ಮತ್ತು ಜ್ಞಾನತಂದೆ ಒಬ್ಬರನ್ನೊಬ್ಬರು ಹಾಗೆಯೇ ಕರೆಯಬೇಕು, ಅವರ ಹೆಂಡತಿಯರು ಕೊಮಾದ್ರೆಗಳು, ಅಂದಿನಿಂದ 'ನೀನು' ಹೋಗಿ 'ನೀವು' ಬರಬೇಕು. ಕೊಂಪಾದ್ರೆಗಳ ಜಗಳ ದನ ಕದಿಯುವುದಕ್ಕಿಂತ ದೊಡ್ಡ ಪಾಪ. ಅದಕ್ಕೇ ಅವರು ಆವತ್ತು ಪೂರ್ತಿ ಮರ್ಯಾದೆಯಿಂದ ಜಗಳವಾಡಿದ್ದರು. "ಕೊಂಪಾದ್ರೆ, ತಾವೊಂದು ಹಂದಿ," ಎಂದಿದ್ದ ಕಸಿಮಿರೋ. "ತಮ್ಮ ಆಶೀರ್ವಾದ, ಕೊಂಪಾದ್ರೆ," ಎಂದಿದ್ದ ಒನೊಫ್ರೆ. ಅದೇ ಕೊನೆಯ ಮಾತು.

ಜಗಳಕ್ಕೆ ಕಾರಣ ಚಿನ್ನ. ಕಂಡ ಚಿನ್ನವಲ್ಲ, ಕಾಣದ ಚಿನ್ನ.

ಹಿಂದೆ ಸ್ಪೇನಿನವರು ಈ ಬೆಟ್ಟಗಳಲ್ಲಿ ಗಣಿ ತೋಡಿ, ಹೇಸರಗತ್ತೆಗಳ ಮೇಲೆ ಚಿನ್ನದ ಗಟ್ಟಿ ಹೇರಿಕೊಂಡು ಹೊರಟಾಗ ಯಾರೋ ಬೆನ್ನಟ್ಟಿದರಂತೆ. ಗಟ್ಟಿಗಳನ್ನು ಹೂತಿಟ್ಟು, ಮರಳಿ ಬಂದಾಗ ದಾರಿ ತಪ್ಪದಿರಲೆಂದು ಬಂಡೆಗಳ ಮೇಲೆ ಗುರುತು ಕೆತ್ತಿ ಹೋದರಂತೆ. ಹೋದವರು ಬರಲಿಲ್ಲವಂತೆ. ಅಷ್ಟು ಚೆಂದಾಗಿ ಕಲ್ಲು ಕೆತ್ತಲು ಪುರುಸೊತ್ತಿದ್ದವರಿಗೆ ಚಿನ್ನ ಹೊತ್ತುಕೊಂಡು ಹೋಗಲು ಯಾಕೆ ಪುರುಸೊತ್ತಿರಲಿಲ್ಲ ಎಂದು ಲಿಬ್ರಾದಾ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಗಂಡ ಎರಡು ದಿನ ಊಟ ಬಿಟ್ಟಿದ್ದ.

ಕಸಿಮಿರೋನ ಅಜ್ಜ ಸಾಯುವಾಗ ಹೇಳಿದ ಗುರುತುಗಳು ಇವು. ಹಳ್ಳದ ಬಾಯಲ್ಲಿ ಶಿಲುಬೆ. ಶಿಲುಬೆಯ ಉದ್ದ ತೋಳು ತೋರಿಸಿದತ್ತ ಹೋದರೆ ಸೀಳಿದ ಹೃದಯ. ಅಲ್ಲಿಂದ ಮೇಲೆ ತೂತುಬಂಡೆ. ತೂತಿನಲ್ಲಿ ಕಣ್ಣಿಟ್ಟರೆ ಎದುರು ಬೆಟ್ಟದ ಸಂದು, ಸಂದಿನಾಚೆ ಕಲ್ಲಿನ ಆಮೆ. ಆಮೆಯ ತಲೆ ಎತ್ತ ತಿರುಗಿದೆಯೋ ಅತ್ತ, ಅದರ ಮೂಗಿನ ಮುಂದೆಯೇ ಚಿನ್ನ. ಸಾಯುವವನು ಸುಮ್ಮನೆ ಸಾಯಬಾರದೇ? ಅವನ ಬಾಯಿಂದ ಬಿದ್ದ ಆ ನಾಲ್ಕು ಮಾತಿಗೆ ಇಬ್ಬರು ಗಂಡಸರ ಯೌವನ ಖರ್ಚಾಯಿತು. ಎಲ್ವಿರಾ ಹುಟ್ಟಿದಾಗ ಅವರಿಬ್ಬರೂ ಸೀಳಿದ ಹೃದಯದ ಹತ್ತಿರ ಬಂಡೆಗೆ ಕಿವಿಯಿಟ್ಟು ಕೂತಿದ್ದರು. ಮಾಡು ಸೋರಿತು. ಹಾಲು ಕರೆಯುವ ಹಸುವನ್ನು ಕೊಟ್ಟು, ನೆಲದಡಿಯ ಲೋಹ ಕಂಡರೆ ಕಿರುಚುವ ಒಂದು ಕೋಲನ್ನು ಕಸಿಮಿರೋ ಮನೆಗೆ ತಂದ. ಅದು ಹಳೆಯ ಲಾಳ ಕಂಡರೆ ಕಿರುಚಿತು, ಮೀನಿನ ಖಾಲಿ ಡಬ್ಬಿ ಕಂಡರೆ ಕಿರುಚಿತು, ಲಿಬ್ರಾದಾ ಬಾಣಲೆ ಹಿಡಿದು ಬಂದರೂ ಕಿರುಚಿತು.

ಕೊನೆಗೊಂದು ದಿನ ಮುಸ್ಸಂಜೆಯಲ್ಲಿ ಆಮೆ ಸಿಕ್ಕಿಬಿಟ್ಟಿತು. ಆದರೆ ಕಂಡ ಕೂಡಲೇ ನರಿಯ ಹಾಗೆ ಕೆರೆಯುವಂತಿಲ್ಲ. ಹೂತ ಚಿನ್ನಕ್ಕೆ ಸತ್ತವನೊಬ್ಬ ಕಾವಲಿರುತ್ತಾನೆ. ಅಗೆಯುವವರ ಪೈಕಿ ಯಾರಿಗಾದರೂ ಜೊತೆಗಾರನ ಪಾಲಿನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದರೆ ಚಿನ್ನವೆಲ್ಲ ಇದ್ದಿಲಾಗುತ್ತದೆ. ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ ಇದು. ಹಾಗಾಗಿ ಇಬ್ಬರೂ ಮನಸ್ಸು ತೊಳೆದುಕೊಳ್ಳಲು, ಮೇಣದ ಬತ್ತಿ ಮಂತ್ರಿಸಿಕೊಂಡು ಬರಲು, ಮಗ್ದಲೇನಾ ಊರಿನ ಸಂತನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೊರಟರು. ಹೋಗಿ ಬರಲು ವಾರ ಬೇಕು.

ಆ ವಾರದಲ್ಲಿ ಲಿಬ್ರಾದಾ ಮತ್ತು ಒನೊಫ್ರೆಯ ಹೆಂಡತಿ ಸಿಂದಾ ಕೂತು ಯೋಚಿಸಿದರು. ಯೋಚನೆ ಸಿಂದಾಳದು, ಇದ್ದಿಲು ಲಿಬ್ರಾದಾಳದು. ಮೆಸ್ಕೀತೆ ಜಾಲಿಯ ಒಳ್ಳೆ ಇದ್ದಿಲು, ಒಂದು ಮೂಟೆ. ಇಬ್ಬರೂ ಹೇಸರಗತ್ತೆ ಹೊಡೆದುಕೊಂಡು ಬೆಟ್ಟ ಹತ್ತಿದರು. ಇಪ್ಪತ್ತು ವರ್ಷ ಊಟದ ಹೊತ್ತಿನಲ್ಲಿ ಅದೇ ಗುರುತುಗಳ ಪುರಾಣ ಕೇಳಿದವರಿಗೆ ದಾರಿ ಯಾರೂ ತೋರಿಸಬೇಕಿರಲಿಲ್ಲ. ಆಮೆಯ ಮೂಗಿನ ಮುಂದೆ ಮೊಣಕಾಲುದ್ದ ಅಗೆದು, ಇದ್ದಿಲು ಸುರಿದು, ಮಣ್ಣು ಮುಚ್ಚಿ, ಜಾಲಿಯ ರೆಂಬೆಯಿಂದ ಗುಡಿಸಿದರು. ಸಿಂದಾಳದು ಕಲಾವಿದೆಯ ಕೈ. ಬರೀ ಇದ್ದಿಲಿದ್ದರೆ ಚೆನ್ನಾಗಿರಲ್ಲ ಎಂದು ತಮ್ಮಪ್ಪನ ಕಾಲದ ಜೀನಿನಿಂದ ಕಿತ್ತುಬಂದಿದ್ದ ಒಂದು ಹಿತ್ತಾಳೆ ಬಕಲ್ಲನ್ನೂ ಒಳಗೆ ಹಾಕಿದಳು. ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದರು. ಅದು ಸದ್ಯಕ್ಕೆ ಇರಲಿ.

ಇದ್ದಿಲು ಕಂಡು ಗಂಡಸರು ಚಿನ್ನದ ಹುಚ್ಚು ಬಿಡುತ್ತಾರೆ, ಮನೆಗೆ ಬಂದು ಮಾಡು ಹೊದಿಸುತ್ತಾರೆ ಎಂಬುದು ಇವರ ಲೆಕ್ಕ. ಗಂಡಸರು ಹುಚ್ಚನ್ನು ಬಿಟ್ಟರು. ಜೊತೆಗೆ ಒಬ್ಬರನ್ನೊಬ್ಬರು ಬಿಟ್ಟರು. ಹೊಟ್ಟೆಕಿಚ್ಚು ಪಟ್ಟವರು ನೀವು, ಅಲ್ಲ ನೀವು ಎಂದು ಆಮೆಯ ಮುಂದೆಯೇ ಕೈ ಕೈ ಮಿಲಾಯಿಸುವಷ್ಟಾಯಿತು. "ಮೊನ್ನೆ ಆಮೆ ತಲೆ ಬೇರೆ ಕಡೆ ಇದ್ದ ಹಾಗಿತ್ತಲ್ಲ ಕೊಂಪಾದ್ರೆ," ಎಂದು ಒನೊಫ್ರೆ ಅಗೆಯುವ ಮುನ್ನ ಅಂದಿದ್ದು ಕೂಡ ಅವನ ಮೇಲೆಯೇ ಬಿತ್ತು. ಅಗೆಯುವ ಮುಂಚೆಯೇ ದಾರಿ ತಪ್ಪಿಸಲು ನೋಡಿದ ಕಳ್ಳ ಎಂದ ಕಸಿಮಿರೋ.

ಮಾಡಿಗೆ ಹೊದಿಕೆ ಬಂತು. ಹೊಸ ಹಸು ಬಂತು. ಕಸಿಮಿರೋ ಕತ್ತಲಾಗುವ ಮುನ್ನ ಮನೆ ಸೇರತೊಡಗಿದ. ಸೇರಿ, ಗೋಡೆಗೆ ಮುಖ ಮಾಡಿ ಗೋಧಿ ಮೂಟೆಯ ಹಾಗೆ ಕೂರುತ್ತಿದ್ದ. ಒನೊಫ್ರೆ ಸಿಟ್ಟಿನಿಂದ ಹೊರಟುಹೋದ ಮೇಲೆ ಇದ್ದಿಲಲ್ಲಿ ಸಿಕ್ಕ ಬಕಲ್ಲನ್ನು ಟೋಪಿಗೆ ಹೊಲಿಸಿಕೊಂಡಿದ್ದ. ಅದು ಸ್ಪೇನಿನ ದಳಪತಿಯದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಬಿಟ್ಟರೆ ಅವನ ಬಾಯಿಂದ ಉಪ್ಪು ಕೊಡು, ಬಾಗಿಲು ಹಾಕು ಎಂಬುದಷ್ಟೇ ಬರುತ್ತಿತ್ತು. ಲಿಬ್ರಾದಾ ಗಂಡ ಮನೆಯಲ್ಲಿರಲಿ ಎಂದು ಬಯಸಿದ್ದಳು. ಬಯಸಿದ್ದು ಸಿಕ್ಕಿತ್ತು, ಗಂಡ ಮಾತ್ರ ಸಿಕ್ಕಿರಲಿಲ್ಲ. ನಿಜ ಹೇಳಿಬಿಡೋಣ ಎಂದು ಮೊದಲ ವರ್ಷ ಅಂದುಕೊಂಡಳು. ಎರಡನೆಯ ವರ್ಷ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ ಬಾಯಿಗೆ ಬೀಗ ತಾನಾಗಿ ಬಿತ್ತು.

ಬುಧವಾರ ಪೂಜೆ ಮುಗಿಸಿ ಇಗರ್ಜಿಯ ಹಿತ್ತಿಲಲ್ಲಿ ಇಬ್ಬರೂ ಹೆಂಗಸರು ಸೇರಿದರು. ಗಂಡಂದಿರಿಗೆ ಕಾಣದ ಹಾಗೆ ಅವರು ಭೇಟಿಯಾಗುತ್ತಿದ್ದುದು ಅಲ್ಲೇ.

"ನಮ್ಮನೆ ಹೋರಿ ಏನು ಹೇಳ್ತು ಗೊತ್ತಾ," ಎಂದಳು ಸಿಂದಾ. "ಹೊಟ್ಟೆಕಿಚ್ಚು ನಂದು ಅಂತ ಕಸಿಮಿರೋ ಬಾಯಿಬಿಟ್ಟು ಹೇಳ್ಲಿ, ಆ ಕ್ಷಣ ಬರ್ತೀನಿ ಅಂತು."

"ನಮ್ಮದೂ ಅದೇ ರಾಗ. ಅವನು ಒಪ್ಕೊಳ್ಲಿ, ನಾನೇ ಹೋಗಿ ಕರೀತೀನಿ ಅಂತಾನೆ."

"ಹಾಗಾದ್ರೆ ಸತ್ತೋನನ್ನೇ ಕೇಳೋಣ, ಕೊಮಾದ್ರೆ."

ಉಪಾಯ ಮತ್ತೆ ಸಿಂದಾಳದೇ. ಆಮೆಯ ಮುಂದೆ ಇಬ್ಬರೂ ಒಂದೊಂದು ಬತ್ತಿ ಹಚ್ಚಬೇಕು. ಹೊಟ್ಟೆಕಿಚ್ಚು ಪಟ್ಟವನ ಬತ್ತಿಯನ್ನು ಕಾವಲಿನ ಸತ್ತವನು ಊದಿ ಆರಿಸುತ್ತಾನೆ. ಎರಡೂ ಬತ್ತಿಗಳ ನೂಲನ್ನು ಮೊದಲೇ ನೀರಲ್ಲಿ ಅದ್ದಿಟ್ಟರೆ ಎರಡೂ ಆರುತ್ತವೆ. ಇಬ್ಬರದೂ ತಪ್ಪು, ಇಬ್ಬರಿಗೂ ನಾಚಿಕೆ, ಅಪ್ಪುಗೆ, ಮದುವೆ. ಕೇಳಲು ಬಹಳ ಸೊಗಸಾಗಿತ್ತು. ಗಂಡಸರಿಬ್ಬರೂ ತಕ್ಷಣ ಒಪ್ಪಿದರು. ತಾನೇ ಗೆಲ್ಲುತ್ತೇನೆ ಎಂದು ಖಾತ್ರಿಯಿರುವವರ ಹಾಗೆ ಒಪ್ಪಿದರು.

ಗುರುವಾರ ಬೆಳಿಗ್ಗೆ ನಾಲ್ವರೂ ಹೊರಟರು. ಮುಂದೆ ಕಸಿಮಿರೋ ತನ್ನ ಕುದುರೆಯ ಮೇಲೆ, ಹಿಂದೆ ಒನೊಫ್ರೆ ಹೇಸರಗತ್ತೆಯ ಮೇಲೆ, ನಡುವೆ ಗಡಿ ಕಾಯುವವರ ಹಾಗೆ ಹೆಂಗಸರು. ಮೇ ತಿಂಗಳ ಬಿಸಿಲು ಆಗಲೇ ಬೆನ್ನಿಗೆ ಕೂತಿತ್ತು. ಶಿಲುಬೆಯ ಬಂಡೆಯ ಹತ್ತಿರ ಒನೊಫ್ರೆ ಇಳಿದು ಟೋಪಿ ತೆಗೆದ.

"ಮುದುಕೀ," ಎಂದು ಕಸಿಮಿರೋ ಹೆಂಡತಿಗೆ ಹೇಳಿದ, "ಇಲ್ಲಿಂದ ಎಡಕ್ಕೆ ಅಂತ ಕೊಂಪಾದ್ರೆಯವರಿಗೆ ಹೇಳು. ಅವರಿಗೆ ಮರೆತಿರ್ಬಹುದು."

"ಸಿಂದಾ, ಮರೆಯೋದು ಮೋಸಗಾರರ ಅಭ್ಯಾಸ ಅಂತ ಕೊಂಪಾದ್ರೆಯವರಿಗೆ ತಿಳ್ಸು," ಎಂದ ಒನೊಫ್ರೆ.

"ಇಬ್ರಿಗೂ ಕಿವಿ ಇದೆ. ನಮ್ಮ ನಾಲಿಗೆ ಯಾಕೆ ಸವೆಸ್ತೀರಿ?" ಎಂದಳು ಸಿಂದಾ.

ಸೀಳಿದ ಹೃದಯದವರೆಗೂ ಇದೇ ಅಂಚೆ ನಡೆಯಿತು. ಅಲ್ಲಿ ಹೃದಯದ ಸೀಳು ಬಲಕ್ಕಿದೆಯೋ ಮಧ್ಯಕ್ಕಿದೆಯೋ ಎಂಬ ಹಳೆಯ ವಾದ ಎದ್ದಿತು. ಎರಡನೆಯ ಮಾತಿಗೇ ಹೆಂಗಸರನ್ನು ಬಿಟ್ಟು ನೇರವಾಗಿ ಕಚ್ಚಾಡತೊಡಗಿದರು, ತಮಗೇ ಗೊತ್ತಾಗದ ಹಾಗೆ. ಲಿಬ್ರಾದಾ ಸುಮ್ಮನೆ ಸಿಂದಾಳ ತೊಡೆ ಚಿವುಟಿದಳು.

ತೂತುಬಂಡೆಯ ಮುಂದೆ ಫಜೀತಿಯಾಯಿತು. ತೂತು ಸೊಂಟದ ಎತ್ತರದಲ್ಲಿತ್ತು. ಒನೊಫ್ರೆಯ ಕಣ್ಣು ಹದ್ದಿನದು, ಆದರೆ ಬೆನ್ನು ಬಗ್ಗುವುದು ನಿಂತು ಎರಡು ವರ್ಷವಾಗಿತ್ತು. ಕಸಿಮಿರೋ ಬಗ್ಗುತ್ತಿದ್ದ, ಕಣ್ಣಿಗೆ ಪೊರೆ ಬಂದಿತ್ತು.

"ಕಾಣ್ತಾ ಇದೆ, ಕಾಣ್ತಾ ಇದೆ," ಎಂದ ಕಸಿಮಿರೋ ತೂತಿಗೆ ಮುಖವಿಟ್ಟು. "ಬೆಟ್ಟದ ಸಂದು. ಬೆಳ್ಳಗಿದೆ."

"ಅದು ನನ್ನ ಕತ್ತೆ ಹೊಟ್ಟೆ, ಕೊಂಪಾದ್ರೆ. ಆ ಕಡೆ ಕಟ್ಟಿದೀನಿ."

ಸಿಂದಾ ಬಾಯಿಗೆ ಶಾಲು ಅಡ್ಡ ಹಿಡಿದಳು. ಕಸಿಮಿರೋನ ಮೀಸೆಯಡಿ ಏನೋ ಅಲುಗಿತು. ಒಂಬತ್ತು ವರ್ಷದಲ್ಲಿ ಅಲ್ಲಿ ಏನೂ ಅಲುಗಿದ್ದನ್ನು ಲಿಬ್ರಾದಾ ಕಂಡಿರಲಿಲ್ಲ. ಇಷ್ಟು ದಿನ ತಾನು ಕೂಡಿಟ್ಟುಕೊಂಡಿದ್ದ ಸೂರು, ಹಸು, ಹೊತ್ತಿಗೆ ಸರಿಯಾಗಿ ಊಟ, ಯಾವುದೂ ಆ ಮೀಸೆಯ ಅಲುಗಾಟಕ್ಕೆ ಸಮವಲ್ಲ ಎನ್ನಿಸಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿನಲ್ಲೇ ಕುದುರೆಯ ಹಗ್ಗ ಜಗ್ಗಿ ಎಲ್ಲರನ್ನೂ ಮುಂದೆ ಹೊರಡಿಸಿದಳು.

ಸಂದಿನಾಚೆ ಒಂದು ಸಣ್ಣ ಬಯಲು. ಒಂದು ಬದಿಗೆ ಗಟ್ಟಿ ನೆಲದಲ್ಲಿ ಬೇರು ಬಿಟ್ಟ ಒಂಟಿ ಮರ, ಇನ್ನೊಂದು ಬದಿಗೆ ಮರಳು, ನಡುವೆ ಚಪ್ಪಟೆ ಬಂಡೆಯ ಮೇಲೆ ಆಮೆ. ರೊಟ್ಟಿ ಬುಟ್ಟಿಯಷ್ಟಗಲದ ಕಲ್ಲು, ಬೆನ್ನ ಮೇಲೆ ಚೌಕುಳಿ ಗೆರೆಗಳು, ಮೊಂಡು ತಲೆ. ತಲೆಯ ಎದುರಿಗೆ, ಮರಳಿನಲ್ಲಿ, ಒಂಬತ್ತು ವರ್ಷದ ಹಿಂದೆ ತೋಡಿದ ಗುಂಡಿ ಅರ್ಧ ತುಂಬಿಕೊಂಡು ಬಿದ್ದಿತ್ತು. ಅಂಚಿನಲ್ಲಿ ಇದ್ದಿಲ ಚೂರುಗಳು ಇನ್ನೂ ಇದ್ದವು. ಗಂಡಸರಿಬ್ಬರೂ ಟೋಪಿ ತೆಗೆದು ನಿಂತರು. ಹೆಂಗಸರು ಅದಕ್ಕಿಂತ ಹೆಚ್ಚು ಭಕ್ತಿಯಿಂದ ನಿಂತರು.

ಲಿಬ್ರಾದಾ ಚೀಲದಿಂದ ಎರಡು ಬತ್ತಿ ತೆಗೆದು ಕೊಟ್ಟಳು. ಒನೊಫ್ರೆ ಅಂಚಿನಲ್ಲಿ ಬತ್ತಿ ನೆಟ್ಟು, ಶಿಲುಬೆಯ ಗುರುತು ಮಾಡಿಕೊಂಡು ಕಡ್ಡಿ ಗೀರಿದ. ಬತ್ತಿ ಹತ್ತಿತು, ಚಟಪಟ ಎಂದಿತು, ಹೊಗೆಯಾಡಿ ಆರಿತು. ಮತ್ತೆ ಗೀರಿದ, ಮತ್ತೆ ಆರಿತು. ಅವನ ಮುಖ ಬಿಳಿಚಿತು.

ಈಗ ಕಸಿಮಿರೋನ ಸರದಿ. ಅವನು ಹೆಂಡತಿ ಕೊಟ್ಟ ಬತ್ತಿಯನ್ನು ಜೇಬಿಗಿಳಿಸಿ, ಅಂಗಿಯೊಳಗಿಂದ ಇನ್ನೊಂದು ತೆಗೆದ. ಹಳದಿಗಟ್ಟಿದ, ಅರ್ಧ ಉರಿದ ದಪ್ಪ ಬತ್ತಿ.

"ಇದು ಮಗ್ದಲೇನಾದ್ದು," ಎಂದ. "ಆವತ್ತಿನದೇ. ಅಂಗಡಿ ಬತ್ತಿಗೆ ಏನು ಸತ್ಯ ಗೊತ್ತಿರುತ್ತೆ?"

ಲಿಬ್ರಾದಾ ಬಾಯಿ ತೆರೆಯುವಷ್ಟರಲ್ಲಿ ಹಚ್ಚಿಯೇಬಿಟ್ಟ. ಟೋಪಿಯನ್ನು ಗಾಳಿಗೆ ಅಡ್ಡ ಹಿಡಿದ. ಬತ್ತಿ ಉರಿಯಿತು. ಅಳ್ಳಾಡದೆ, ಬಾಗದೆ, ಪೀಠದ ಮೇಲಿನ ದೀಪದ ಹಾಗೆ ಉರಿಯಿತು. ನಾಲ್ವರೂ ಅದನ್ನೇ ನೋಡಿದರು. ಕಸಿಮಿರೋ ಗೆದ್ದವನ ಮುಖ ಮಾಡಿಕೊಳ್ಳಲು ಹೋದ, ಯಾಕೋ ಅದು ಅವನ ಮುಖದಲ್ಲಿ ನಿಲ್ಲಲಿಲ್ಲ.

ಒನೊಫ್ರೆ ಟೋಪಿ ಹಾಕಿಕೊಂಡ. "ಸರಿ ಕೊಂಪಾದ್ರೆ," ಎಂದ ಮೆಲ್ಲಗೆ. "ಸತ್ತೋನು ಸುಳ್ಳು ಹೇಳಲ್ಲ. ಇಂಥೋನ ಕೈ ಮಗು ತಲೆ ಮೇಲೆ ಬೀಳ್ಬಾರ್ದು. ನಾನು ಬರಲ್ಲ, ನೀವು ಮದುವೆ ಮಾಡ್ಕೊಳ್ಳಿ." ಹೇಸರಗತ್ತೆಯ ಹತ್ತಿರ ಹೋಗಿ ಜೀನಿನ ಪಟ್ಟಿ ಬಿಗಿಯತೊಡಗಿದ.

ಎಲ್ವಿರಾ ಮೆಟ್ಟಿಲ ಕೆಳಗೆ ನಿಂತಿರುವುದು ಲಿಬ್ರಾದಾಳ ಕಣ್ಣಿಗೆ ಕಟ್ಟಿತು. ಈ ಮನುಷ್ಯ ಈ ಬಯಲು ದಾಟಿದರೆ ಅವನನ್ನು ಸಂತನೇ ಇಳಿದು ಬಂದರೂ ಹಿಂದೆ ತರುವುದಿಲ್ಲ.

"ನಿಂತ್ಕೊಳ್ಳಿ ಕೊಂಪಾದ್ರೆ," ಎಂದಳು. "ಅದು ನನ್ನ ಇದ್ದಿಲು."

ಯಾರಿಗೂ ಅರ್ಥವಾಗಲಿಲ್ಲ.

"ನನ್ನ ಅಡುಗೆಮನೆ ಇದ್ದಿಲು. ನೀವಿಬ್ರೂ ಮಗ್ದಲೇನಾಗೆ ಹೋದಾಗ ನಾನೂ ಕೊಮಾದ್ರೆನೂ ಬಂದು ಹೂತ್ವಿ. ಚಿನ್ನನೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಆ ಬತ್ತಿ ಆರಿದ್ದು ನಾವು ಅದನ್ನ ನೀರಲ್ಲಿ ಅದ್ದಿದ್ದಕ್ಕೆ."

ಕಸಿಮಿರೋ ಅವಳನ್ನು ಕನಿಕರದಿಂದ ನೋಡಿದ. "ಮದುವೆ ನಿಲ್ಬಾರ್ದು ಅಂತ ಕಥೆ ಕಟ್ತಿದೀಯ ಮುದುಕಿ."

"ಕಥೆ ಅಲ್ಲ, ಇದ್ದಿಲು."

"ಮತ್ತೆ ಇದು?" ಟೋಪಿಯ ಮೇಲಿನ ಬಕಲ್ಲಿಗೆ ಬೆರಳು ಬಡಿದ. "ಸ್ಪೇನಿನ ದಳಪತೀನೂ ನಿನ್ನ ಅಡುಗೆಮನೆಯಲ್ಲೇ ಇದ್ನಾ?"

ಸಿಂದಾ ಹೋಗಿ ಹೇಸರಗತ್ತೆಯ ಪಕ್ಕದಲ್ಲಿ ನಿಂತು, ಒನೊಫ್ರೆ ಹಿಡಿದಿದ್ದ ಪಟ್ಟಿಯತ್ತ ಬೆರಳು ತೋರಿಸಿದಳು. ಆ ಪಟ್ಟಿಯಲ್ಲೊಂದು ಹಿತ್ತಾಳೆ ಬಕಲ್ಲಿತ್ತು. ಅದೇ ಆಕಾರ, ಅದೇ ಐದೆಸಳಿನ ಹೂವು. ಇನ್ನೊಂದು ಬಕಲ್ಲು ಇರಬೇಕಾದ ಕಡೆ ಹಗ್ಗ ಕಟ್ಟಿತ್ತು. ಒಂಬತ್ತು ವರ್ಷ ಒನೊಫ್ರೆ ದಿನಾ ಆ ಹಗ್ಗ ಬಿಗಿದಿದ್ದ, ಒಂಬತ್ತು ವರ್ಷ ಕಸಿಮಿರೋ ಅದರ ಜೋಡಿಯನ್ನು ತಲೆಯ ಮೇಲೆ ಹೊತ್ತು ತಿರುಗಿದ್ದ. ಇಬ್ಬರೂ ಒಮ್ಮೆ ಮುಖಾಮುಖಿ ನಿಂತು ಮಾತಾಡಿದ್ದರೆ ಸಾಕಿತ್ತು.

ಕಸಿಮಿರೋ ಹತ್ತಿರ ಹೋಗಿ ಟೋಪಿಯನ್ನು ಜೀನಿನ ಪಕ್ಕ ಹಿಡಿದು ನೋಡಿದ. ಪೊರೆ ಬಂದ ಕಣ್ಣಿಗೂ ಕಾಣುವಷ್ಟು ಅದು ಸ್ಪಷ್ಟವಾಗಿತ್ತು. "ನಿಮ್ಮಪ್ಪಂದಾ, ಕೊಮಾದ್ರೆ?"

"ನಮ್ಮಪ್ಪನ ಕತ್ತೇದು," ಎಂದಳು ಸಿಂದಾ.

ಒನೊಫ್ರೆ ನಿಂತಲ್ಲೇ ಕುಸಿದು ಕೂತ. "ಒಂಬತ್ತು ವರ್ಷ," ಎಂದ. "ಪ್ರತಿ ತಪಸ್ಸುಕಾಲದಲ್ಲೂ ಪಾದ್ರಿ ಹತ್ರ ಹೋಗಿ ಹೊಟ್ಟೆಕಿಚ್ಚು ನಂದೇ ಅಂತ ಪಾಪನಿವೇದನೆ ಮಾಡಿದೀನಿ. ನಿಮಗೆ ಸಿಗೋ ಪಾಲಿನ ಮೇಲೆ ಒಂದು ಸಲ ಮನಸ್ಸು ಹೋಗಿತ್ತು ಕೊಂಪಾದ್ರೆ, ಒಂದೇ ಸಲ. ಮಂಡಿ ಮೇಲೆ ನಡ್ದು ನಡ್ದು ಬೆನ್ನು ಹೋಯ್ತು."

"ನಿಮಗೆಷ್ಟು ಪ್ರಾಯಶ್ಚಿತ್ತ ಕೊಟ್ಟ?" ಎಂದ ಕಸಿಮಿರೋ.

"ಇಗರ್ಜಿ ಸುತ್ತ ಮೂರು ಸುತ್ತು."

"ನನಗೂ ಮೂರೇ. ಅದೇ ಪಾಪಕ್ಕೆ."

ಒಂದೇ ಪಾಪ, ಇಬ್ಬರು ವಾರಸುದಾರರು, ಪಾದ್ರಿ ಒಂಬತ್ತು ವರ್ಷ ತುಟಿ ಬಿಚ್ಚಿರಲಿಲ್ಲ. ಒನೊಫ್ರೆ ಮೊದಲು ಕೆಮ್ಮಿದ. ಅದು ಕೆಮ್ಮಲ್ಲ ಎಂದು ಆಮೇಲೆ ಗೊತ್ತಾಯಿತು. ಕಸಿಮಿರೋ ಅವನ ಪಕ್ಕ ಕುಕ್ಕರಿಸಿದ, ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಒನೊಫ್ರೆಯ ಕಣ್ಣೀರು ನಗು ನಿಂತರೂ ನಿಲ್ಲಲಿಲ್ಲ. "ಹುಡುಗಿ ನಿಶ್ಚಿತಾರ್ಥದ ದಿನವೇ ಬೂಟು ಪಾಲಿಶ್ ಮಾಡಿಟ್ಟಿದೀನಿ," ಎಂದ. "ಯಾರಾದ್ರೂ ಬಂದು ಕರೀಲಿ ಅಂತ ಕಾಯ್ತಿದ್ದೆ ಅಷ್ಟೇ." ಕಸಿಮಿರೋ ಅವನ ಹೆಗಲ ಮೇಲೆ ಕೈ ಹಾಕಿದ.

ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ಹೆಂಡತಿಯರನ್ನು ನೋಡಿದರು. ಆ ನೋಟ ಚೆನ್ನಾಗಿರಲಿಲ್ಲ.

"ಬೈಯೋದಾದ್ರೆ ಊಟ ಆದ್ಮೇಲೆ ಬೈಯಿರಿ," ಎಂದಳು ಲಿಬ್ರಾದಾ. ರೊಟ್ಟಿ, ಒಣ ಮಾಂಸ, ಕಾಡುಮೆಣಸಿನ ಚಟ್ನಿ ಬಿಚ್ಚಿಟ್ಟಳು. ಕೊನೆಯ ತುತ್ತು ನುಂಗುತ್ತ ಕಸಿಮಿರೋ ಗುಂಡಿಯತ್ತ ನೋಡಿದ.

"ಎಷ್ಟು ಆಳ ಅಗೆದಿದ್ರಿ?"

"ಮೊಣಕಾಲುದ್ದ," ಎಂದಳು ಲಿಬ್ರಾದಾ.

"ನಿನ್ನ ಮೊಣಕಾಲೋ, ಕೊಮಾದ್ರೆ ಮೊಣಕಾಲೋ?"

"ಅದರಲ್ಲೇನಿದೆ?"

"ಅಂದ್ರೆ ನಾವು ನಿಮ್ಮ ಇದ್ದಿಲು ಕಂಡು ನಿಲ್ಲಿಸಿದ್ದು," ಎಂದ ಒನೊಫ್ರೆ ನಿಧಾನವಾಗಿ. "ಅದರ ಕೆಳಗೆ ಯಾರೂ ನೋಡೇ ಇಲ್ಲ."

"ಕೊಂಪಾದ್ರೆ, ಹಾರೆ ತಂದಿದೀರಾ?"

"ಅಭ್ಯಾಸಬಲ. ಜೀನಿಗೆ ಕಟ್ಟಿದೀನಿ."

ಲಿಬ್ರಾದಾ ಮಂಡಿಗೆ ತಲೆ ಕೊಟ್ಟು ಕೂತಳು. ಒಂಬತ್ತು ವರ್ಷ ಹೊತ್ತು ಗುಣಪಡಿಸಿದ ರೋಗ ಒಂದು ಊಟದಲ್ಲಿ ಮರಳಿ ಬಂದಿತ್ತು. ಗಂಡಸರು ಅಂಗಿ ಕಳಚಿ ಗುಂಡಿಗಿಳಿದರು. ಮರಳು ಮೆತ್ತಗಿತ್ತು, ಬೇಗ ಬೇಗ ಹೊರಬಿತ್ತು. ಸೊಂಟದವರೆಗೆ ಮುಳುಗಿದರು, ಎದೆಯವರೆಗೆ ಮುಳುಗಿದರು. ಬೈಗುಳ, ನಗು, ಏದುಸಿರು ಒಳಗಿಂದ ಬರುತ್ತಲೇ ಇದ್ದವು. ಸಾಕಾಯಿತು, ಹತ್ತೋಣ ಎಂದಾಗ ಹತ್ತಲಾಗಲಿಲ್ಲ. ಕೈಯಿಟ್ಟಲ್ಲೆಲ್ಲ ಅಂಚು ಕುಸಿಯಿತು. ಒಬ್ಬನ ಬೆನ್ನು ಏಳದು, ಇನ್ನೊಬ್ಬನ ಮಂಡಿ ಏಳದು.

ಲಿಬ್ರಾದಾ ಹಗ್ಗ ಹಿಡಿದು ಅಂಚಿನಿಂದ ಹಿಂದೆ ನಿಂತಳು. "ಶನಿವಾರ ಬೆಳಿಗ್ಗೆ ಹೊಸ್ತಿಲಲ್ಲಿ ಇಬ್ರೂ ಜೊತೆಗೆ ನಿಲ್ತೀವಿ ಅಂತ ಆಣೆ ಮಾಡಿ."

"ಆಣೆ."

"ಚಿನ್ನದ ಮಾತು ಎತ್ತಲ್ಲ ಅಂತಲೂ."

ಗುಂಡಿಯೊಳಗೆ ಏನೋ ಪಿಸುಪಿಸು ನಡೆಯಿತು. "ಮದುವೆ ದಿನ ಎತ್ತಲ್ಲ," ಎಂದ ಕಸಿಮಿರೋ.

ಅಷ್ಟಾದರೂ ಸಿಕ್ಕಿತು ಎಂದು ಲಿಬ್ರಾದಾ ಹಗ್ಗ ಕೆಳಗೆ ಬಿಟ್ಟಳು. ಹೇಸರಗತ್ತೆಗೆ ಕಟ್ಟಿ ಒಬ್ಬೊಬ್ಬರನ್ನೇ ಎಳೆದರು. ಮೇಲೆ ಬಂದು ಬಿದ್ದ ಗಂಡ ಮರಳು ಮೆತ್ತಿಕೊಂಡು, ಬಾಯಿ ಒಣಗಿಸಿಕೊಂಡು, ಬರಿಗೈಯಲ್ಲಿ ಆಕಾಶ ನೋಡುತ್ತಿರುವುದನ್ನು ಕಂಡು ಸಿಂದಾಳಿಗೆ ಅಯ್ಯೋ ಎನ್ನಿಸಿತು. ಅವಳ ತುಟಿ ಅಲುಗುವುದನ್ನು ಲಿಬ್ರಾದಾ ದೂರದಿಂದಲೇ ನೋಡಿದಳು. ಕಣ್ಣು ಬಿಟ್ಟಳು, ತಲೆ ಅಲ್ಲಾಡಿಸಿದಳು, ಬೇಡ ಎಂದು ಕೈ ಮಾಡಿದಳು.

"ಅಲ್ಲಿ ಅಗೀಬೇಡಿ," ಎಂದುಬಿಟ್ಟಳು ಸಿಂದಾ. "ಅಲ್ಲ ಅದು ಜಾಗ. ಆವತ್ತು ಆಮೆ ತಲೆ ಬೇರೆ ಕಡೆ ಇತ್ತು. ಆ ನೆಲ ಕಬ್ಬಿಣದ ಹಾಗಿತ್ತು, ಹಾರೆ ಇಳೀಲೇ ಇಲ್ಲ. ಮರಳಿರೋ ಕಡೆ ಸುಲಭ ಅಂತ ನಾವೇ ಆಮೇನ ತಿರುಗಿಸಿದ್ವಿ."

ಇದೇ ಆ ಸಣ್ಣ ಕೆಲಸ.

ಒನೊಫ್ರೆ ಬೆನ್ನು ನೋವು ಮರೆತು ಎದ್ದು ಕೂತ. "ನಾನು ಹೇಳಿರ್ಲಿಲ್ವಾ ಕೊಂಪಾದ್ರೆ."

"ಹೇಳಿದ್ರಿ. ಕ್ಷಮಿಸಿ. ಯಾವ ಕಡೆ ಇತ್ತು ಕೊಮಾದ್ರೆ?"

ಸಿಂದಾ ಬಯಲನ್ನೆಲ್ಲ ನೋಡಿದಳು. "ಬೆಟ್ಟದ ಕಡೆ ಅನ್ಸುತ್ತೆ."

"ಮರದ ಕಡೆ," ಎಂದು ಲಿಬ್ರಾದಾಳ ಬಾಯಿಂದ ತಾನಾಗಿ ಬಂತು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಸಂತೋಷವನ್ನು ಲಿಬ್ರಾದಾ ತನ್ನ ಮದುವೆಯ ದಿನವೂ ಗಂಡನ ಮುಖದಲ್ಲಿ ಕಂಡಿರಲಿಲ್ಲ. ಬಯಲಿನ ಸುತ್ತಲೂ ಎಲ್ಲಿ ಬೇಕಾದರೂ ಇರಬಹುದು. ಇಬ್ಬರಿಗೂ ಸಾಯುವವರೆಗೆ ಕೆಲಸ ಸಿಕ್ಕಿತ್ತು.

ಶನಿವಾರ ಬೆಳಿಗ್ಗೆ ಎಲ್ವಿರಾ ಬಿಳಿ ಉಡುಪಿನಲ್ಲಿ ಹೊಸ್ತಿಲ ಮೇಲೆ ಮಂಡಿಯೂರಿದಳು. ಬೀದಿಯಲ್ಲಿ ಪಿಟೀಲಿನವರು ಶ್ರುತಿ ಮಾಡಿಕೊಳ್ಳುತ್ತಿದ್ದರು. ಒನೊಫ್ರೆಯ ಬೂಟು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಹೇಸರಗತ್ತೆಯ ಬಕಲ್ಲು ಮರಳಿ ಜೀನಿಗೆ ಸೇರಿತ್ತು, ಕಸಿಮಿರೋನ ಟೋಪಿಯಲ್ಲಿ ಎರಡು ಸಣ್ಣ ತೂತು ಉಳಿದಿದ್ದವು. ಸಿಂದಾ ಕೈಯಿಟ್ಟಳು, ಲಿಬ್ರಾದಾ ಕೈಯಿಟ್ಟಳು. ಕೊನೆಗೆ ಗಂಡಸರಿಬ್ಬರೂ ಒಬ್ಬರ ಕೈ ಮೇಲೆ ಒಬ್ಬರು ಕೈಯಿಟ್ಟು ಹುಡುಗಿಯ ತಲೆ ಮುಟ್ಟಿದರು. ಎಲ್ವಿರಾಳ ಹೆಗಲು ಅಳುವಿಗೆ ಅಲುಗಿತು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿದರು.

ಕಣ್ಣು ಮುಚ್ಚಿದ್ದ ಲಿಬ್ರಾದಾಳಿಗೆ ಮಗಳ ತಲೆಯ ಮೇಲಿಂದ ಎರಡು ಪಿಸುಮಾತು ಕೇಳಿತು.

"ಮೊದಲು ಮರದ ಕಡೆಯಿಂದ ಶುರು ಮಾಡೋಣ."

"ಬೆಟ್ಟದ ಕಡೆ, ಕೊಂಪಾದ್ರೆ. ಹೆಂಡ್ತಿ ಮಾತು ಕೇಳಿ ಕೆಟ್ಟಿದ್ದು ಸಾಲ್ದಾ?"

"ನಿಮ್ಮದೂ ಹೆಂಡ್ತಿ ಮಾತೇ ಅಲ್ವಾ?"

ಲಿಬ್ರಾದಾಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಊರಿನವರು ಹೆತ್ತ ಕರುಳು ಎಂದುಕೊಂಡು ಅವಳಿಗೆ ಕರವಸ್ತ್ರ ಕೊಟ್ಟರು. ಅವಳು ಮುಖ ಒರೆಸಿಕೊಂಡು ಮಗಳ ಹಿಂದೆ ಇಗರ್ಜಿಯ ಕಡೆ ನಡೆದಳು. ಸೋಮವಾರ ಬೆಳಿಗ್ಗೆ ಬೆಟ್ಟಕ್ಕೆ ನಾಲ್ವರಿಗೆ ರೊಟ್ಟಿ ಕಟ್ಟಬೇಕು, ಮನೆಯಲ್ಲಿ ಗೋಧಿ ಹಿಟ್ಟು ಇದೆಯೋ ಇಲ್ಲವೋ ನೋಡಬೇಕು ಎಂದು ಯೋಚಿಸುತ್ತ ಮೆಟ್ಟಿಲು ಹತ್ತಿದಳು.